ಬಾಯಿಗಷ್ಟೇ ಸಾಣೆ

ಇನಾರಿ ಸರೋವರದ ದಡಕ್ಕೆ ಮೊದಲ ಮಂಜುಗಡ್ಡೆ
ಹಾಲಿನ ಕೆನೆಯಷ್ಟು ತೆಳ್ಳಗೆ ಕಟ್ಟಿದ ವಾರ
ಲೆಂಪಿ ಬಂದಳು. ಬಾಗಿಲು ತಟ್ಟಲಿಲ್ಲ,
ಹೊಸ್ತಿಲಿಗೆ ಬೂಟು ಕೊಡವಿದಳು, ಅಷ್ಟೆ.
ಕೈಗವಸಿನೊಳಗಿಂದ ತೆಗೆದು
ಬೆಂಚಿನ ಮೇಲಿಟ್ಟಳು ಒಂದು ಪೂಕ್ಕೊ ಚೂರಿ:
ಗೇಣಿಗಿಂತ ಗಿಡ್ಡ, ಬರ್ಚ್ ಮರದ ಹಿಡಿ,
ಹಿಡಿಹಿಡಿದೇ ನುಣುಪಾದ ಹಿಡಿ.

"ಬೆಣ್ಣೆಯನ್ನೂ ಕೊಯ್ಯುವುದಿಲ್ಲ ಇದು.
ಹರಿತ ಮಾಡಿಕೊಡು, ತೈಮಿ.
ಆದರೆ ಬಾಯಿಗಷ್ಟೇ ಸಾಣೆ.
ಕೆನ್ನೆ ಮುಟ್ಟಬೇಡ."

ಕಿಟಕಿಯ ಬೆಳಕಿಗೆ ವಾಲಿಸಿ ನೋಡಿದೆ.
ಇಪ್ಪತ್ತು ವರ್ಷದ ಮೀನು, ಈರುಳ್ಳಿ, ಹಿಮಸಾರಂಗದ ನೆತ್ತರು
ಉಕ್ಕಿಗೆ ಕೊಟ್ಟ ಮೈಬಣ್ಣ:
ಅಲ್ಲಿ ಬೂದಿ, ಇಲ್ಲಿ ಬ್ಲೂಬೆರಿ ತಿಂದ ನಾಲಗೆಯ ನೀಲಿ.
ಎಡಗೆನ್ನೆಯ ಮೇಲೆ, ಬೆನ್ನಿನ ಹತ್ತಿರ,
ಸುಳಿಸುಳಿಯಾಗಿ
ಒಂದು ಹೆಬ್ಬೆಟ್ಟು.

ಓಯ್ವನದು. ಅವಳ ಅಣ್ಣನದು.
ಜನ್ಮದಲ್ಲಿ ಒರೆಸದೆ ಚೂರಿ ಇಟ್ಟವನಲ್ಲ,
ಆವತ್ತು ಇಟ್ಟ.
ಲಿಂಗನ್‌ಬೆರಿಯ ಹುಳಿರಸ ಬೆರಳಲ್ಲಿ ಹಾಗೇ ಇತ್ತು,
ಬಲೆ ನೋಡಿ ಬರುತ್ತೇನೆಂದು ಎದ್ದ.
ರಾತ್ರಿಯೆಲ್ಲ ಹುಳಿ ಉಕ್ಕನ್ನು ಕಚ್ಚಿತು.
ಶಾಲೆಯ ಮೇಷ್ಟ್ರು, ಮೂರು ಭಾಷೆ ಬರೆಯಬಲ್ಲವ
ಕಡೆಗೆ ಹೆಬ್ಬೆಟ್ಟು ಒತ್ತಿ ಹೋದ.

ಇದನ್ನೇನೂ ಲೆಂಪಿ ಹೇಳಲಿಲ್ಲ. ಊರಿಗೇ ಗೊತ್ತು.
"ಕಾಫಿ ಇದೆಯಾ?" ಅಂದಳು.

ಬೇರೆಯವರ ಚೂರಿಯಾದರೆ
ಕೆನ್ನೆಗೆ ಟೇಪು ಅಂಟಿಸಿ ಕೆಲಸ ಶುರು.
ಇವತ್ತು ಕೈ ಬರಲಿಲ್ಲ.
ಕೀಳುವಾಗ ಅಂಟಿನ ಜೊತೆ ಅವನೂ ಕಿತ್ತು ಬಂದರೆ?
ಬೆಣ್ಣೆಕಾಗದ ಮಡಚಿ ಬೆನ್ನ ಮೇಲಿಂದ ಇಳಿಬಿಟ್ಟೆ,
ಟೇಪಿನ ಅಂಟು ಹಿಡಿಯ ಮರಕ್ಕೆ, ಮೊನೆಯ ಬಳಿ ಒಂದಿಷ್ಟು.
ಕಲ್ಲನ್ನು ಎರಡು ಸಲ ತೊಳೆದೆ:
ಹಳೆಯ ಕೆಸರಿನಲ್ಲಿ ಒರಟು ಹರಳು ಒಂದೇ ಒಂದು ಉಳಿದರೂ
ಅದಕ್ಕೆ ಗೆರೆ ಎಳೆಯುವುದೇ ಚಟ.

ಇಳಿಜಾರನ್ನು ಕಲ್ಲಿಗೆ ಪೂರ್ತಿ ಮಲಗಿಸಬೇಕು.
ಎತ್ತಿದೆಯೋ, ಬಾಯಿ ಮೊಂಡು.
ತಗ್ಗಿಸಿದೆಯೋ, ಕೆನ್ನೆಗೆ ಗಾಯ.
ಸರ್... ಸರ್...
ಹತ್ತು ಸಲ ಈ ಮಗ್ಗುಲು, ಒರೆಸು.
ಹತ್ತು ಸಲ ಆ ಮಗ್ಗುಲು, ಒರೆಸು.
ಲೆಂಪಿ ಎಣಿಸುತ್ತಿದ್ದಳು, ತುಟಿ ಮಾತ್ರ ಆಡಿಸಿ.
ಬಾಯಂಚಿನಾಚೆ ಲೋಹದ ಸಣ್ಣ ಗರಿ ಎದ್ದಿತು,
ಉಗುರಿಗೆ ತಾಗಿತು, ಕಣ್ಣಿಗಲ್ಲ.
ಕಲ್ಲು ಬದಲಿಸಿದೆ. ಇನ್ನೂ ನಯದ್ದು, ಹಾಲುಬಿಳಿ.

ಮೊನೆಯ ತಿರುವಿನಲ್ಲಿ ಮೊಣಕೈ ಎತ್ತಬೇಕು.
ನಲವತ್ತು ವರ್ಷದಿಂದ ಎತ್ತಿದ್ದೇನೆ.
ಒಲೆಯಲ್ಲಿ ಕಟ್ಟಿಗೆ ಚಟ್ಟೆಂದಿತು ಅಂತ ಹೇಳಬಹುದು ನಾನು.
ಹೇಳುವುದಿಲ್ಲ. ಕೈ ತಪ್ಪಿತು.
ಕಾಗದ ಸರಿದ ಜಾಗದಲ್ಲಿ
ಉಗುರಿನ ಉದ್ದ, ಬೆಳ್ಳಗೆ, ಒಂದು ಗೀರು.
ಹೆಬ್ಬೆಟ್ಟಿಗೆ ತಾಗಿರಲಿಲ್ಲ.
ಆದರೂ ಅಷ್ಟು ಕಪ್ಪಿನಲ್ಲಿ
ಸುಳ್ಳಿನ ಹಾಗೆ ಹೊಳೆಯಿತು.

ಎಣ್ಣೆ ಸವರಿ ಮಬ್ಬು ಮಾಡಬಹುದಿತ್ತು, ಒಂದು ತಿಂಗಳ ಮಟ್ಟಿಗೆ.
ಹಳೆಯ ಬೆಲ್ಟಿನ ಮೇಲೆ ಎಳೆದು ಗರಿ ಬೀಳಿಸಿದೆ,
ಕಾಗದ ಬಿಚ್ಚಿದೆ, ಚೂರಿಯ ಜೊತೆ ತಪ್ಪನ್ನೂ ಕೊಟ್ಟೆ.

ಕನ್ನಡಕ ಹಾಕಿಕೊಂಡು ಕಿಟಕಿಗೆ ಹೋದಳು.
ಬಹಳ ಹೊತ್ತು.
ಹೊರಗೆ ಯಾರೋ ದೋಣಿ ಬೋರಲು ಹಾಕುತ್ತಿದ್ದರು.
"ಇದು ನಿನ್ನದು, ಇರಲಿ," ಅಂದಳು.
"ಅವನು ನಿನಗೆ ಎರಡು ಸಾಣೆಯ ದುಡ್ಡು ಬಾಕಿ ಇದ್ದ, ಅಲ್ಲವೆ?"
ಮೂರು, ಅಂದೆ.
ನಕ್ಕಳು. ಆ ವರ್ಷದಲ್ಲಿ ನಾನು ಕಂಡ ಮೊದಲ ನಗು.

ಕಟ್ಟಿಗೆಯ ರಾಶಿಯಿಂದ ಒಂದು ತುಂಡೆತ್ತಿ ಕೆತ್ತಿದಳು.
ಈರುಳ್ಳಿ ಸಿಪ್ಪೆಯಂಥ ಸುರುಳಿ ಎದ್ದು
ಅವಳ ಮಣಿಕಟ್ಟಿನ ಮೇಲೆ ಕೂತಿತು, ಬೀಳಲಿಲ್ಲ.
ಹೆಬ್ಬೆರಳನ್ನು ಆ ಗುರುತಿನ ಮೇಲಿಡಲಿಲ್ಲ ಅವಳು,
ಪಕ್ಕದಲ್ಲಿಟ್ಟಿದ್ದಳು, ಬೆಂಚಿನಲ್ಲಿ ಜಾಗ ಬಿಟ್ಟು ಕೂತಂತೆ.

ಒರೆಗೆ ಹಾಕುವ ಮುನ್ನ
ಅಂಗಿಯ ಅಂಚಿನಿಂದ ಒರೆಸಹೋದವಳು ತಡೆದಳು.
ಬಾಯನ್ನಷ್ಟೇ ಒರೆಸಿದಳು.

ಕಾಫಿ ಆರಿತ್ತು. ಕುಡಿದಳು.